ಸನ್ಮಾನ ಪತ್ರದ ಕ್ರಾಂತಿಕಾರಿ

ಪುತ್ತೂರಿನಿಂದ ಕಡಬದ ಕಡೆಗೆ ಹೋಗುವಾಗ ಮುಖ್ಯ ರಸ್ತೆ ಬಿಟ್ಟು ಎರಡು ಮೈಲಿ ಒಳಗೆ ನಡೆದರೆ ನಾನು ಕೆಲಸ ಮಾಡಿದ ಹೈಸ್ಕೂಲು ಸಿಗುತ್ತದೆ. ಅದರ ಹೆಸರು ಬೇಡ. ಅಲ್ಲಿ ನಾನು ಕನ್ನಡ ಪಂಡಿತನಾಗಿದ್ದೆ. ಪಾಠ ಮಾಡಿ ನನಗೆ ಹೆಸರು ಬಂದದ್ದು ಅಷ್ಟಕ್ಕಷ್ಟೆ. ಹೆಸರು ಬಂದದ್ದು ಸನ್ಮಾನ ಪತ್ರ ಬರೆದದ್ದರಿಂದ. ಪೆರಾಬೆಯಿಂದ ಕಬಕದವರೆಗೆ ಯಾರಿಗೆ ಶಾಲು ಹೊದೆಸುವುದಿದ್ದರೂ ವಾರದ ಮೊದಲೇ ಯಾರಾದರೊಬ್ಬರು ನನ್ನ ಬಾಗಿಲಿಗೆ ಬಂದು, ಸನ್ಮಾನ ಆಗುವವರ ಹುಟ್ಟೂರು, ತಂದೆ ತಾಯಿ, ಮಾಡಿದ ಘನಕಾರ್ಯ ಎಲ್ಲವನ್ನೂ ಒಂದು ಚೀಟಿಯಲ್ಲಿ ಕೊಟ್ಟು ಹೋಗುತ್ತಿದ್ದರು. ಆ ಚೀಟಿಯನ್ನು ಬಹುತೇಕ ಸನ್ಮಾನ ಆಗುವವರೇ ಬರೆದಿರುತ್ತಿದ್ದರು. ಅದು ಎಲ್ಲರಿಗೂ ಗೊತ್ತಿದ್ದ ಗುಟ್ಟು.

ಸನ್ಮಾನ ಪತ್ರಕ್ಕೆ ಒಂದು ಕಟ್ಟು ಉಂಟು. ನಾಲ್ಕು ಪ್ಯಾರಾ, ಪ್ರತಿ ಪ್ಯಾರಾದ ತಲೆಯ ಮೇಲೆ ಒಂದು ಸಂಬೋಧನೆ. ‘ವಿದ್ಯಾಪೋಷಕರೇ’, ‘ಅಜಾತಶತ್ರುಗಳೇ’, ‘ಕಾರ್ಯದಕ್ಷರೇ’, ‘ಸಮಾಜಬಂಧುಗಳೇ’. ಕೊನೆಯಲ್ಲಿ ದೇವರು ಆಯುರಾರೋಗ್ಯ ಕೊಡಲಿ ಎಂದು ಹಾರೈಕೆ, ಅದರ ಕೆಳಗೆ ಸಮಿತಿಯವರ ಸಹಿ. ಪುಸ್ತಕ ಮುಟ್ಟಿ ನೋಡದವರನ್ನು ನಾನು ವಿದ್ಯಾಪೋಷಕರನ್ನಾಗಿ ಮಾಡಿದ್ದೇನೆ. ನೆರೆಯವರ ಮೇಲೆಲ್ಲ ಕೋರ್ಟಿನಲ್ಲಿ ದಾವೆ ಹೂಡಿದ್ದ ಒಬ್ಬರನ್ನು ಅಜಾತಶತ್ರು ಎಂದು ಕರೆದಿದ್ದೇನೆ, ಸಭೆಯಲ್ಲಿ ಆ ನೆರೆಯವರೂ ಕೂತು ಚಪ್ಪಾಳೆ ತಟ್ಟಿದ್ದಾರೆ. ಯಾರೂ ಅದನ್ನು ನಂಬುತ್ತಿರಲಿಲ್ಲ, ಯಾರೂ ಬೇಸರವನ್ನೂ ಮಾಡಿಕೊಳ್ಳುತ್ತಿರಲಿಲ್ಲ. ಮದುವೆ ಮನೆಯಲ್ಲಿ ಚಿಮುಕಿಸುವ ಪನ್ನೀರಿನ ಹಾಗೆ ಅದು. ಮೈಮೇಲೆ ಬಿದ್ದದ್ದು ಅಲ್ಲೇ ಆರುತ್ತದೆ ಎಂದು ನಾನು ತಿಳಿದಿದ್ದೆ.

ನಮ್ಮ ಶಾಲೆಗೆ ಎಪ್ಪತ್ತಮೂರರಲ್ಲಿ ವಿಜ್ಞಾನಕ್ಕೆ ಒಬ್ಬ ಹೊಸ ಮಾಸ್ತರರು ಬಂದರು. ಸಂಪಾಜೆ ಕಡೆಯವರು, ಮನೆಯಲ್ಲಿ ಅರೆಭಾಷೆ ಆಡುವ ಕೃಷಿಕರ ಕುಟುಂಬ. ವಯಸ್ಸು ಇಪ್ಪತ್ತೈದು ಇದ್ದೀತು. ಕೆಲಸ ತಾತ್ಕಾಲಿಕ, ವರ್ಷ ವರ್ಷ ಸಮಿತಿ ಮುಂದುವರಿಸಬೇಕು, ಮೂರನೆಯ ವರ್ಷ ಖಾಯಂ ಆಗುವ ಮಾತು. ಅವರ ಅಕ್ಷರ ಎಂದರೆ ಅಚ್ಚು ಹಾಕಿದ ಹಾಗೆ. ಅಂಥ ಅಕ್ಷರ ಇದ್ದವರಿಗೆ ಬರುವ ಒಂದು ಚಟ ಅವರಿಗೂ ಇತ್ತು: ಯಾರಾದರೂ ಅರ್ಜಿ ತಪ್ಪು ತುಂಬಿಸಿದರೆ ಸಹಿಸಲಿಕ್ಕೆ ಆಗುತ್ತಿರಲಿಲ್ಲ. ರೇಶನ್ ಕಾರ್ಡಿನ ಅರ್ಜಿ, ಜನನ ಪತ್ರದ ಅರ್ಜಿ, ವಿಧವಾ ವೇತನದ ಅರ್ಜಿ ಏನೇ ಇರಲಿ, ಕಸಿದುಕೊಂಡು ತಾನೇ ತುಂಬಿಸಿ ಕೊಡುತ್ತಿದ್ದರು.

ಅದೇ ಹೊತ್ತಿಗೆ ಭೂಮಸೂದೆಯ ಗಾಳಿ ಎದ್ದಿತು. ಗೇಣಿಗೆ ಉಳುತ್ತಿದ್ದ ಒಕ್ಕಲುಗಳು ತಾವು ಉಳುವ ಜಾಗ ತಮಗೆ ಬರಬೇಕೆಂದು ಸರ್ಕಾರಕ್ಕೆ ಅರ್ಜಿ ಹಾಕಬೇಕು. ನಮ್ಮಲ್ಲಿ ಅದಕ್ಕೆ ಡಿಕ್ಲರೇಶನ್ ಕೊಡುವುದು ಎನ್ನುತ್ತಿದ್ದರು. ಅರ್ಜಿಯಲ್ಲಿ ಸರ್ವೆ ನಂಬರು, ವಿಸ್ತೀರ್ಣ, ಚಕ್ಕುಬಂದಿ ಎಲ್ಲ ಕೇಳಿತ್ತು. ಓದು ಬರಹ ಇಲ್ಲದ ಒಕ್ಕಲುಗಳು ಆ ಕಾಗದ ಹಿಡಿದುಕೊಂಡು ಅಂಗಡಿ ಅಂಗಡಿ ಸುತ್ತುತ್ತಿದ್ದರು. ಜಾಗದ ಒಡೆಯರಾದ ಧನಿಗಳ ಭಯಕ್ಕೆ ಯಾರೂ ಬರೆದು ಕೊಡುವವರಿಲ್ಲ. ನಮ್ಮ ಮಾಸ್ತರರು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಜಗಲಿಯಲ್ಲಿ ಬೆಂಚು ಹಾಕಿ ಕೂತು ಬರೆದು ಕೊಟ್ಟರು. ನಾನು ಒಮ್ಮೆ ಮೆಲ್ಲನೆ ಎಚ್ಚರಿಸಿದೆ. ಅವರು ತಲೆ ಎತ್ತದೆ, ಸರ್ವೆ ನಂಬರಿಗೆ ಹಿಸ್ಸೆ ಸೇರಿಸದೆ ಬರೆದರೆ ಅರ್ಜಿ ತಿರಸ್ಕಾರ ಆಗುತ್ತದೆ ಎಂದು ನನಗೇ ಪಾಠ ಮಾಡಿದರು. ಅವರ ತಲೆಯಲ್ಲಿ ಇದ್ದದ್ದು ಅಷ್ಟೆ. ಪತ್ರಿಕೆ ತೆಗೆದರೆ ಹವಾಮಾನ ನೋಡಿ ಮಡಚಿ ಇಡುವವರು ಅವರು. ಪಕ್ಷ, ಬಾವುಟ, ಭಾಷಣ ಎಂದರೆ ಆಕಳಿಸುತ್ತಿದ್ದರು.

ನಮ್ಮ ಶಾಲಾ ಸಮಿತಿಯ ಅಧ್ಯಕ್ಷರು ಊರಿನ ದೊಡ್ಡ ಧನಿಗಳು. ಶನಿವಾರ ಆ ಬೆಂಚಿನ ಎದುರು ಸಾಲು ನಿಲ್ಲುತ್ತಿದ್ದವರಲ್ಲಿ ಅರ್ಧಕ್ಕರ್ಧ ಅವರದೇ ಒಕ್ಕಲುಗಳು. ಅವರು ಒಂದು ದಿನವೂ ಮಾಸ್ತರರಿಗೆ ಏನೂ ಹೇಳಲಿಲ್ಲ. ಎದುರು ಸಿಕ್ಕಾಗ ಮೊದಲಿಗಿಂತ ಹೆಚ್ಚು ನಗುತ್ತಿದ್ದರು. ನಾನು ಆಗ ಇದ್ದದ್ದು ಅವರದೇ ಮನೆಯ ಪಕ್ಕದ ಚಿಕ್ಕ ಬಿಡಾರದಲ್ಲಿ, ಆದ್ದರಿಂದ ಆ ನಗುವಿನ ಅರ್ಥ ನನಗೆ ಸ್ವಲ್ಪ ತಿಳಿಯುತ್ತಿತ್ತು. ತಿಳಿದೂ ತಿಳಿಯದವನ ಹಾಗೆ ಇದ್ದೆ.

ಇನ್ನು ಆ ಪದದ ವಿಷಯ ಹೇಳಬೇಕು. ಕ್ರಾಂತಿ ಎನ್ನುವುದು ಆ ಕಾಲದಲ್ಲಿ ಕಾಲಿಗೊಂದು ಕೈಗೊಂದು ಸಿಗುತ್ತಿದ್ದ ಪದ. ಸರ್ಕಾರವೇ ಹಸಿರು ಕ್ರಾಂತಿ ಮಾಡಿತ್ತು, ಆಮೇಲೆ ಕ್ಷೀರ ಕ್ರಾಂತಿ ಎಂದಿತು. ಪುತ್ತೂರಿನ ಬಟ್ಟೆ ಅಂಗಡಿಯೊಂದು ನೈಲಾನ್ ಸೀರೆ ತರಿಸಿ ‘ಸೀರೆಗಳಲ್ಲಿ ಕ್ರಾಂತಿ’ ಎಂದು ಬೋರ್ಡು ಹಾಕಿತ್ತು. ಕ್ರಾಂತಿಕಾರಿ ಎನ್ನುವುದಕ್ಕೆ ಮಾತ್ರ ಸ್ವಲ್ಪ ಗತ್ತು ಉಳಿದಿತ್ತು. ಪಾಠಪುಸ್ತಕದಲ್ಲಿ ಕ್ರಾಂತಿಕಾರಿಗಳು ಎಂದರೆ ಬಿಳಿಯರ ಕಾಲದಲ್ಲಿ ನೇಣಿಗೇರಿದ ಹುಡುಗರು. ಆ ಪಾಠ ಮಾಡುವಾಗ ನನ್ನ ಗಂಟಲು ತಾನಾಗಿ ದೊಡ್ಡದಾಗುತ್ತಿತ್ತು. ಊರ ಬಾಯಲ್ಲಿ ಅದು ತಮಾಷೆಯ ಮಾತು. ಮದುವೆಗೆ ವಾಲಗ ಬೇಡ ಎಂದವನೂ ಕ್ರಾಂತಿಕಾರಿ, ಮೀಸೆ ಬೋಳಿಸಿದವನೂ ಕ್ರಾಂತಿಕಾರಿ. ಅದಕ್ಕೆ ತುಳುವಿನಲ್ಲಿ ಬೇರೆ ಪದ ಇರಲಿಲ್ಲ, ಅದನ್ನೇ ತುಳುವಿನ ರಾಗದಲ್ಲಿ ಹೇಳುತ್ತಿದ್ದರು. ನಿಜವಾಗಿ ಕ್ರಾಂತಿಯನ್ನು ಬೆಂಬಲಿಸುವವನೊಬ್ಬ ಹೇಗಿರುತ್ತಾನೆ ಎಂದು ನಮ್ಮಲ್ಲಿ ಯಾರೂ ನೋಡಿದವರಿರಲಿಲ್ಲ.

ಎಪ್ಪತ್ತೈದರ ಮೊದಲ ತಿಂಗಳುಗಳಲ್ಲಿ ಶಾಲೆಯ ವಾರ್ಷಿಕೋತ್ಸವ ಆಯಿತು. ಮಾಸ್ತರರು ಹಿಂದಿನ ಬೇಸಗೆಯಲ್ಲಿ ಹತ್ತನೆಯ ತರಗತಿಯ ಮಕ್ಕಳನ್ನೂ ಊರವರನ್ನೂ ಕಟ್ಟಿಕೊಂಡು ಹೊಳೆಗೆ ಒಂದು ಸಂಕ, ಅಂದರೆ ಮರದ ಕಾಲುಸೇತುವೆ, ಹಾಕಿಸಿದ್ದರು. ಮಳೆಗಾಲದಲ್ಲಿ ಆಚೆ ದಡದ ಮಕ್ಕಳು ಮೂರು ತಿಂಗಳು ಶಾಲೆ ತಪ್ಪಿಸುತ್ತಿದ್ದರು, ಆ ವರ್ಷ ಒಬ್ಬರೂ ತಪ್ಪಿಸಲಿಲ್ಲ. ಮಾಸ್ತರರಿಗೆ ಸನ್ಮಾನ ಆಗಬೇಕೆಂದು ಮಕ್ಕಳ ತಂದೆ ತಾಯಿ ಹಟ ಹಿಡಿದರು. ಬೇಡ ಎಂದು ಹೇಳಲಿಕ್ಕೆ ಅಧ್ಯಕ್ಷರಿಗೂ ದಾರಿ ಇರಲಿಲ್ಲ.

ಆ ದಿನ ಒಟ್ಟು ನಾಲ್ವರಿಗೆ ಸನ್ಮಾನ. ಮೊದಲ ಮೂವರ ಪತ್ರ ಬರೆಯುವಷ್ಟರಲ್ಲಿ ನನ್ನ ಸಂಬೋಧನೆಗಳೆಲ್ಲ ಮುಗಿದಿದ್ದವು. ವಿದ್ಯಾಪೋಷಕರೂ ಕಾರ್ಯದಕ್ಷರೂ ಖರ್ಚಾಗಿ ಹೋಗಿದ್ದರು. ಒಂದೇ ಸಭೆಯಲ್ಲಿ ಒಂದೇ ಪದ ಎರಡು ಸಲ ಓದಿದರೆ ಪಂಡಿತನ ಮರ್ಯಾದೆ ಏನಾಗಬೇಕು? ಯುವಕನಿಗೆ ಹೊಸದಾಗಿ ಏನಾದರೂ ಬೇಕೆಂದು ಪೆನ್ನು ಕಚ್ಚುತ್ತ ಕೂತವನು ಮೂರನೆಯ ಪ್ಯಾರಾದ ತಲೆಯ ಮೇಲೆ ‘ಕ್ರಾಂತಿಕಾರಿಗಳೇ’ ಎಂದು ಬರೆದೆ. ಅದರ ಕೆಳಗೆ, ತಮ್ಮ ಕ್ರಾಂತಿಕಾರಿ ವಿಚಾರಗಳಿಂದ ದೀನದಲಿತರ ಬಾಳಿಗೆ ಬೆಳಕಾದ ತಾವು ಎಂದು ಶುರುಮಾಡಿ ಆರು ಸಾಲು ಓಡಿಸಿದೆ. ಬರೆದದ್ದನ್ನು ಗಟ್ಟಿಯಾಗಿ ಓದಿಕೊಂಡು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಪುತ್ತೂರಿನ ಮುದ್ರಣಾಲಯದಿಂದ ಕರಡು ಬಂದಾಗ ಮಾಸ್ತರರಿಗೆ ತೋರಿಸಿದೆ. ಅವರು ಚೀಟಿ ಗೀಟಿ ಏನೂ ಕೊಟ್ಟಿರಲಿಲ್ಲ. ಕೇಳಿದಾಗ ಹುಟ್ಟಿದ ಊರು ಮಾತ್ರ ಹೇಳಿದ್ದರು. ಕರಡು ಓದಿ ಮೂರನೆಯ ಪ್ಯಾರಾದ ಮೇಲೆ ಬೆರಳು ಇಟ್ಟರು.

“ಇದೆಂತದು ಪಂಡಿತರೇ, ನಾನು ಎಂತ ಕ್ರಾಂತಿ ಮಾಡಿದ್ದು? ಒಂದು ಸಂಕ ಹಾಕಿಸಿದ್ದು ಅಲ್ವಾ? ಇದನ್ನು ತೆಗೀರಿ.”

“ಸನ್ಮಾನ ಪತ್ರದಲ್ಲಿ ಸತ್ಯ ಬರೆಯುವ ಕ್ರಮ ಇಲ್ಲ ಮಾಷ್ಟ್ರೇ,” ಎಂದೆ ನಾನು. ಅವರು ನಕ್ಕುಬಿಟ್ಟರು. ನಾನು ಪದ ತೆಗೆಯಲಿಲ್ಲ.

ಪತ್ರ ಕೆಂಪು ಮತ್ತು ಹೊನ್ನ ಬಣ್ಣದಲ್ಲಿ ಅಚ್ಚಾಗಿ, ಅಂಚಿಗೆ ಬಳ್ಳಿ ಚಿತ್ರ ಹೊತ್ತು, ಗಾಜಿನ ಕಟ್ಟಿನಲ್ಲಿ ಕೂತು ಬಂತು. ಅಧ್ಯಕ್ಷರು ಮತ್ತು ಐವರು ಸದಸ್ಯರು ಸಾಲಾಗಿ ಸಹಿ ಹಾಕಿದ್ದರು. ಒಬ್ಬರೂ ಓದಿರಲಿಲ್ಲ. ಸಭೆಯಲ್ಲಿ ನಾನೇ ಓದಿದೆ. ಕ್ರಾಂತಿಕಾರಿಗಳೇ ಎಂದು ಸ್ವರ ಎತ್ತಿದಾಗ ಹಿಂದಿನ ಸಾಲಿನಿಂದ ಒಕ್ಕಲುಗಳು ಜೋರಾಗಿ ಚಪ್ಪಾಳೆ ಹೊಡೆದರು. ವೇದಿಕೆಯ ಮೇಲೆ ಅಧ್ಯಕ್ಷರು ಮೊದಲ ಸಲ ಆ ಪತ್ರದ ಕಡೆ ತಿರುಗಿ ನೋಡಿದರು. ಶಾಲು ಹೊದೆಸಿ, ಹಾರ ಹಾಕಿ, ಹಣ್ಣಿನ ತಟ್ಟೆ ಕೊಟ್ಟು, ಗಾಜಿನ ಕಟ್ಟನ್ನು ತಮ್ಮ ಕೈಯಾರೆ ಮಾಸ್ತರರ ಕೈಗೆ ಇಟ್ಟರು.

ಜೂನಿನಲ್ಲಿ ಶಾಲೆ ಶುರುವಾಗಿ ಸ್ವಲ್ಪ ದಿನಕ್ಕೆ ತುರ್ತು ಪರಿಸ್ಥಿತಿ ಬಂತು. ನಮ್ಮ ಹಳ್ಳಿಯಲ್ಲಿ ಮೊದಮೊದಲು ಅದು ಗೊತ್ತಾದದ್ದು ಬಸ್ಸುಗಳು ಸರಿಯಾದ ಹೊತ್ತಿಗೆ ಬಂದದ್ದರಿಂದ. ಆಮೇಲೆ ಅಂಗಡಿ ಜಗಲಿಗಳಲ್ಲಿ ಮಾತು ಕಡಿಮೆ ಆಯಿತು. ಪೊಲೀಸರು ಅವರನ್ನು ಕೊಂಡುಹೋದರಂತೆ, ಇವರನ್ನು ಕೊಂಡುಹೋದರಂತೆ ಎಂದು ಕಿವಿಯಿಂದ ಕಿವಿಗೆ ಸುದ್ದಿ ಬರುತ್ತಿತ್ತು. ಬಟ್ಟೆ ಅಂಗಡಿಯವರು ಸದ್ದಿಲ್ಲದೆ ತಮ್ಮ ಬೋರ್ಡು ಬದಲಾಯಿಸಿದರು. ಮೂರು ತಿಂಗಳಲ್ಲಿ ಆ ಪದದ ತಮಾಷೆಯೆಲ್ಲ ಇಂಗಿಹೋಗಿತ್ತು.

ಮಳೆ ಬಿಡುವ ಹೊತ್ತಿಗೆ ವಿದ್ಯಾ ಇಲಾಖೆಗೆ ಒಂದು ಮೂಗರ್ಜಿ ಹೋಯಿತು. ಮೂಗರ್ಜಿಗೆ ಸಹಿ ಇಲ್ಲ ಎಂದ ಮೇಲೆ ಯಾರು ಬರೆದದ್ದೆಂದು ನಾನು ಹೇಳಬಾರದು. ಈ ಮಾಸ್ತರರು ಕ್ರಾಂತಿಕಾರಿ, ಒಕ್ಕಲುಗಳನ್ನು ಎತ್ತಿಕಟ್ಟುತ್ತಿದ್ದಾರೆ, ಶಾಲೆಯ ಜಗಲಿಯನ್ನೇ ಅದಕ್ಕೆ ಬಳಸುತ್ತಿದ್ದಾರೆ ಎಂದು ಅದರಲ್ಲಿತ್ತು. ಸಾಕ್ಷಿಗೆ ಸನ್ಮಾನ ಪತ್ರದ ಒಂದು ಪ್ರತಿ ಲಗತ್ತಿಸಿದ್ದರು. ನನ್ನ ಮೂರನೆಯ ಪ್ಯಾರಾಕ್ಕೆ ಯಾರೋ ನೀಲಿ ಶಾಯಿಯಲ್ಲಿ ಅಡಿಗೆರೆ ಎಳೆದಿದ್ದರು.

ವಿಚಾರಣೆಗೆ ಅಧಿಕಾರಿ ಬರುವ ಹಿಂದಿನ ದಿನ ಬೆಳಿಗ್ಗೆ ಅಧ್ಯಕ್ಷರು ನನ್ನ ಬಿಡಾರಕ್ಕೆ ಬಂದರು. ಬಾಡಿಗೆಗೆ ಕೊಟ್ಟ ಮೇಲೆ ಅವರು ಆ ಹೊಸ್ತಿಲು ದಾಟಿದ್ದು ಅದೇ ಮೊದಲು. ನನ್ನ ಹೆಂಡತಿ ಎಂಟು ತಿಂಗಳ ಬಸುರಿ, ಅವಳ ಆರೋಗ್ಯ ವಿಚಾರಿಸಿದರು. ಮನೆಯ ಮಾಡು ಸೋರುತ್ತದಾ ಎಂದು ಕೇಳಿದರು. ಆಮೇಲೆ ನಾನು ತಂದಿಟ್ಟ ಕಾಫಿಯನ್ನು ಮುಟ್ಟದೆ ವಿಷಯಕ್ಕೆ ಬಂದರು.

“ನಿಮಗೆ ತೊಂದರೆ ಆಗುದು ನನಗೆ ಇಷ್ಟ ಇಲ್ಲ ಪಂಡಿತರೇ. ವಿವರ ಕೊಟ್ಟದ್ದು ಅವರೇ ಅಂತ ಬರೆದ್ರೆ ಮುಗೀತು. ಅದು ಸುಳ್ಳಾ? ಎಲ್ಲರೂ ಕೊಡುದು ಹಾಗೆಯೇ ಅಲ್ವಾ?”

ಅದು ಸುಳ್ಳು ಎಂದು ನಾನು ಹೇಳಲಿಲ್ಲ. ತಲೆ ಅಲ್ಲಾಡಿಸಿದೆ. ಹೌದು ಎಂದೂ ಅಲ್ಲ ಎಂದೂ ತಿಳಿಯಬಹುದಾದ ರೀತಿಯಲ್ಲಿ ಅಲ್ಲಾಡಿಸಿದೆ ಎಂದು ನನ್ನನ್ನು ನಾನು ಬಹಳ ಕಾಲ ಸಮಾಧಾನ ಮಾಡಿಕೊಂಡಿದ್ದೆ. ಅಧ್ಯಕ್ಷರಿಗಂತೂ ಅದು ಹೌದು ಎಂದೇ ತಿಳಿಯಿತು. ಅವರು ಹೋದ ಮೇಲೆ ಹೆಂಡತಿ ಒಳಗಿನಿಂದಲೇ, ನಿಮಗೆ ಸರಿ ಕಂಡದ್ದು ಮಾಡಿ, ಈ ಮನೆ ಅಲ್ಲದಿದ್ದರೆ ಇನ್ನೊಂದು ಸಿಗ್ತದೆ ಎಂದಳು. ಅವಳಿಗಿದ್ದ ಧೈರ್ಯದಲ್ಲಿ ಕಾಲು ಪಾಲು ನನಗೆ ಇರಲಿಲ್ಲ.

ಮಾರನೆಯ ದಿನ ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಬಂದು ಕೂತ ಅಧಿಕಾರಿ ಕೆಟ್ಟವರೇನಲ್ಲ. ಘಟ್ಟದ ಮೇಲಿನವರು, ಮೆತ್ತಗೆ ಮಾತಾಡುವವರು, ಕೊಟ್ಟ ಕೆಲಸ ಮುಗಿಸಿ ಸಂಜೆಯ ಬಸ್ಸು ಹಿಡಿಯಬೇಕಾದವರು. ಅವರ ಪಕ್ಕದಲ್ಲಿ ಮಫ್ತಿಯಲ್ಲಿದ್ದ ಇನ್ನೊಬ್ಬರು ಒಂದು ಮಾತೂ ಆಡಲಿಲ್ಲ. ಸಹಿ ಹಾಕಿದ ಸಮಿತಿಯವರೆಲ್ಲ ತಾವು ಓದಿಲ್ಲ ಎಂದು ಆಗಲೇ ಹೇಳಿ ಕೈ ತೊಳೆದುಕೊಂಡಿದ್ದರು. ಅದು ಸತ್ಯವೂ ಆಗಿತ್ತು. ಅಧಿಕಾರಿ ನನ್ನ ಎದುರು ಒಂದು ಬಿಳಿ ಹಾಳೆ ಇಟ್ಟು, ತಾವು ಕನ್ನಡ ಪಂಡಿತರು, ಈ ಪದದ ಅರ್ಥ ಏನು, ಇದನ್ನು ಯಾಕೆ ಬಳಸಿದಿರಿ ಎಂದು ಎರಡು ಸಾಲು ಬರೆದುಕೊಡಿ ಎಂದರು.

ಆ ಪದ ಸಭೆಯ ಅಲಂಕಾರ, ನಾನೇ ಹಾಕಿದ್ದು, ತೆಗೆಯಿರಿ ಎಂದು ಅವರೇ ಹೇಳಿದ್ದರು ಎಂದು ಬರೆಯಬಹುದಿತ್ತು. ಹಾಗೆ ಬರೆದಿದ್ದರೆ ನನಗೂ ಒಂದು ನೋಟೀಸು ಬರುತ್ತಿತ್ತೋ ಏನೋ. ಬರುತ್ತಲೇ ಇರಲಿಲ್ಲವೋ ಏನೋ. ನಾನು ಬರೆದದ್ದು ಇದು: ‘ಕ್ರಾಂತಿಕಾರಿ ಎಂದರೆ ಕ್ರಾಂತಿಯನ್ನು ಬೆಂಬಲಿಸುವವನು, ಅದಕ್ಕಾಗಿ ದುಡಿಯುವವನು. ಸದರಿ ಪತ್ರವನ್ನು ಸನ್ಮಾನಿತರು ಒದಗಿಸಿದ ವಿವರಗಳ ಆಧಾರದಲ್ಲಿ ರಚಿಸಲಾಗಿದೆ.’ ಕೆಳಗೆ ಸಹಿ, ತಾರೀಕು. ಅಧಿಕಾರಿ ಓದಿ, ಭಾಷೆ ಚೆನ್ನಾಗಿದೆ ಎಂದರು.

ಆ ಎರಡು ಸಾಲಿನಿಂದ ಮಾಸ್ತರರ ಕೆಲಸ ಹೋಯಿತು. ಸಮಿತಿ ಅವರನ್ನು ವಜಾ ಮಾಡಲಿಲ್ಲ, ಮುಂದುವರಿಸಲಿಲ್ಲ ಅಷ್ಟೆ. ಕೆಲವು ತಿಂಗಳು ಪ್ರತಿ ಸೋಮವಾರ ಠಾಣೆಗೆ ಹೋಗಿ ಸಹಿ ಹಾಕಿ ಬರಬೇಕೆಂದು ಪೊಲೀಸರು ಕಟ್ಟುಮಾಡಿದರು. ಅಲ್ಲಿ ಅವರನ್ನು ಕಾಯಿಸಿದರೋ, ಬೈದರೋ, ಹೊಡೆದರೋ ನನಗೆ ಗೊತ್ತಿಲ್ಲ. ಕೇಳುವ ಮುಖ ನನಗಿರಲಿಲ್ಲ. ಹೋಗುವ ದಿನ ಅವರು ಪ್ರಯೋಗಶಾಲೆಯ ಸಾಮಾನುಗಳ ಪಟ್ಟಿಯನ್ನು ಅದೇ ಅಚ್ಚಿನಂಥ ಅಕ್ಷರದಲ್ಲಿ ಬರೆದು, ಒಡೆದ ಒಂದು ಗಾಜಿನ ನಳಿಕೆಯನ್ನೂ ನಮೂದಿಸಿ, ಬೀಗದ ಕೈಯೊಂದಿಗೆ ಮುಖ್ಯೋಪಾಧ್ಯಾಯರಿಗೆ ಒಪ್ಪಿಸಿದರು. ಬಸ್ಸಿನ ತನಕ ಕಳಿಸಿಕೊಡಲು ಯಾರೂ ಹೋಗಲಿಲ್ಲ. ಅರ್ಜಿ ಬರೆಸಿಕೊಂಡ ಒಕ್ಕಲುಗಳೂ ಹೋಗಲಿಲ್ಲ, ಮಕ್ಕಳನ್ನು ನಾವು ತರಗತಿಯಿಂದ ಬಿಡಲಿಲ್ಲ. ನಾನು ಆ ಹೊತ್ತಿನಲ್ಲಿ ಒಂಬತ್ತನೆಯ ತರಗತಿಗೆ ಷಟ್ಪದಿಯ ಲಕ್ಷಣ ಹೇಳುತ್ತಿದ್ದೆ.

ಇಷ್ಟೇ ಆಗಿದ್ದರೆ ಕಾಲದ ಮೇಲೆ ತಪ್ಪು ಹಾಕಿ ತಪ್ಪಿಸಿಕೊಳ್ಳಬಹುದಿತ್ತು. ಆಗ ಎಲ್ಲರೂ ಹೆದರಿದ್ದರು, ನಾನೂ ಹೆದರಿದೆ ಎನ್ನಬಹುದಿತ್ತು. ನಾನು ಮಾಡಿದ ದೊಡ್ಡ ತಪ್ಪು ಅದರ ಆಮೇಲಿನದು, ಹೆದರಿಕೆಯೇ ಇಲ್ಲದ ಕಾಲದ್ದು.

ಎಪ್ಪತ್ತೇಳರಲ್ಲಿ ತುರ್ತು ಪರಿಸ್ಥಿತಿ ಹೋಯಿತು, ಸರ್ಕಾರವೂ ಹೋಯಿತು. ಜೈಲಿಗೆ ಹೋಗಿ ಬಂದವರಿಗೆಲ್ಲ ಊರೂರಲ್ಲಿ ಹಾರ ಬಿತ್ತು, ಅವರಲ್ಲಿ ಇಬ್ಬರಿಗೆ ನಾನೇ ಪತ್ರ ಬರೆದೆ. ಆ ಮಳೆಗಾಲದಲ್ಲಿ ಮಾಸ್ತರರು ನನ್ನನ್ನು ಹುಡುಕಿಕೊಂಡು ಬಂದರು. ಎರಡು ವರ್ಷದಲ್ಲಿ ಸೊರಗಿದ್ದರು. ಸುಳ್ಯ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಹುದ್ದೆ ಖಾಲಿ ಉಂಟು, ಅಲ್ಲಿಯ ಸಂಚಾಲಕರಿಗೆ ತನ್ನನ್ನು ತೆಗೆದುಕೊಳ್ಳುವ ಮನಸ್ಸುಂಟು, ಆದರೆ ಇಲಾಖೆಯ ಕಡತದಲ್ಲಿ ಹಳೆಯ ವಿಚಾರಣೆ ಹಾಗೆಯೇ ಕೂತಿದೆ ಎಂದರು. ಕಡತವನ್ನು ತಾನು ನೋಡಿದೆ ಎಂದೂ ಹೇಳಿದರು. ಅಂದರೆ ನನ್ನ ಎರಡು ಸಾಲನ್ನು ಓದಿದ್ದರು. ನಾನು ನೆಲ ನೋಡಿದೆ.

“ನನಗೆ ನಿಮ್ಮ ಮೇಲೆ ಕೋಪ ಇಲ್ಲ. ಆಗ ಎಲ್ಲರಿಗೂ ಹೆದರಿಕೆ ಇತ್ತು. ಈಗ ಒಂದು ಸಾಲು ಬರೆದು ಕೊಡಿ ಪಂಡಿತರೇ, ಆ ಪದ ನಾನು ಹೇಳಿ ಬರೆಸಿದ್ದಲ್ಲ ಅಂತ. ಅದು ಸಾಕಂತೆ. ನನಗೆ ಕೆಲಸಕ್ಕೆ ಸೇರ್ಲಿಕ್ಕೆ ಸರ್ಕಾರದ ಲೆಕ್ಕದಲ್ಲಿ ಇನ್ನು ಒಂದೇ ವರ್ಷ ಪ್ರಾಯ ಇರುದು.”

ಬರೆದು ಕೊಡುತ್ತೇನೆ, ನಾಲ್ಕು ದಿನ ಬಿಡಿ, ಸರಿಯಾಗಿ ಯೋಚಿಸಿ ಬರೆಯುತ್ತೇನೆ ಎಂದೆ. ಹಾಗೆ ಹೇಳುವಾಗ ನಿಜವಾಗಿ ಬರೆಯುವ ಮನಸ್ಸಿತ್ತು. ಅವರು ಹೋದ ಮೇಲೆ ಹಾಳೆ ಹಿಡಿದು ಕೂತೆ. ‘ಹಿಂದೆ ನಾನು ಕೊಟ್ಟ ಹೇಳಿಕೆ’ ಎಂದು ಬರೆದು ನಿಂತೆ. ಮುಂದಿನ ಪದ ‘ಸುಳ್ಳು’ ಎಂದಾಗಬೇಕಿತ್ತು. ಅದನ್ನು ಬರೆದರೆ ಕಡತದಲ್ಲಿ ಅವರ ಹೆಸರಿನ ಬದಲು ನನ್ನ ಹೆಸರು ಕೂರುತ್ತದೆ. ಆಗ ಯಾಕೆ ಸುಳ್ಳು ಹೇಳಿದಿರಿ ಎಂದು ಯಾರಾದರೂ ಕೇಳಿಯಾರು. ಅಧ್ಯಕ್ಷರ ಹೆಸರು ಬಂದೀತು, ನಾನು ಆಗಲೂ ಇದ್ದದ್ದು ಅವರದೇ ಬಿಡಾರದಲ್ಲಿ. ಅರ್ಧವಾರ್ಷಿಕ ಪರೀಕ್ಷೆ ಮುಗಿಯಲಿ ಎಂದುಕೊಂಡೆ. ಆಮೇಲೆ ನವರಾತ್ರಿ ರಜೆ ಮುಗಿಯಲಿ ಎಂದುಕೊಂಡೆ.

ಮಾಸ್ತರರಿಂದ ಮೂರು ಕಾರ್ಡು ಬಂತು. ಮೊದಲನೆಯದರಲ್ಲಿ ನೆನಪು ಮಾಡಿದ್ದರು. ಎರಡನೆಯದರಲ್ಲಿ ಸಂಚಾಲಕರು ತಿಂಗಳ ಕೊನೆಯವರೆಗೆ ಕಾಯುತ್ತಾರಂತೆ ಎಂದು ಬರೆದಿದ್ದರು. ಮೂರನೆಯದರಲ್ಲಿ ಏನನ್ನೂ ಕೇಳಿರಲಿಲ್ಲ, ಮಗು ಮಾತಾಡಲಿಕ್ಕೆ ಕಲಿಯಿತಾ ಎಂದು ವಿಚಾರಿಸಿದ್ದರು. ಮೂರಕ್ಕೂ ನಾನು ಉತ್ತರ ಬರೆಯಲಿಲ್ಲ. ಊರಿಗೆಲ್ಲ ಬರೆದುಕೊಡುವ ಮನುಷ್ಯ ನಾನು, ಒಂದು ಕಾರ್ಡಿಗೆ ಉತ್ತರ ಬರೆಯಲಾರದೆ ಹೋದೆ.

ಒಂದು ಪ್ರಯತ್ನ ಮಾಡಿದೆ ಎಂದು ಹೇಳಿಕೊಳ್ಳಬೇಕು, ಅದೂ ಪುಕ್ಕಲು ಪ್ರಯತ್ನ. ಅಷ್ಟರಲ್ಲಿ ಊರಿನ ಹಲವು ಒಕ್ಕಲುಗಳಿಗೆ ಜಾಗ ಮಂಜೂರಾಗಿತ್ತು. ಅವರಲ್ಲೊಬ್ಬರು, ಮಾಸ್ತರರ ಬೆಂಚಿನ ಎದುರು ಮೊದಲ ಶನಿವಾರವೇ ಬಂದು ನಿಂತವರು, ಈಗ ಶಾಲಾ ಸಮಿತಿಯ ಸದಸ್ಯರಾಗಿದ್ದರು. ನಾನು ಬರೆಯುವ ಬದಲು ಸಮಿತಿಯೇ ಮಾಸ್ತರರನ್ನು ಪುನಃ ಕರೆಸಿದರೆ ಎಲ್ಲ ಮುಚ್ಚಿಹೋಗುತ್ತದೆ ಎಂದು ಲೆಕ್ಕ ಹಾಕಿ, ಸಭೆಯಲ್ಲಿ ವಿಷಯ ಎತ್ತಿ ಎಂದು ಅವರನ್ನು ಕೇಳಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತ ಕೇಳಿಸಿಕೊಂಡರು.

“ಅದೆಲ್ಲ ಹಳೆ ಸುದ್ದಿ ಮಾರಾಯ್ರೆ. ಧನಿಗಳ ಹತ್ರ ನಮ್ಮದು ಈಗ ಚೆನ್ನಾಗಿ ಉಂಟು. ಮತ್ತೆ ಆ ಮಾಷ್ಟ್ರು ಜನ ಒಳ್ಳೆಯವರೇ, ಆದ್ರೆ ಸ್ವಲ್ಪ ಕ್ರಾಂತಿಕಾರಿ ಅಲ್ವಾ?”

ನನಗೆ ಕೋಪ ಬಂತು. ಅವರ ಜಾಗದ ಸರ್ವೆ ನಂಬರು ಸರಿಯಾಗಿ ಬರೆದ ಕೈ ಯಾವುದೆಂದು ಮುಖಕ್ಕೆ ಹೇಳಬೇಕೆನ್ನಿಸಿತು. ಆದರೆ ಆ ಪದವನ್ನು ಅವರ ಬಾಯಿಗೆ ಹಾಕಿದವನು ನಾನೇ. ಚಪ್ಪಾಳೆ ಹೊಡೆದ ಕೈಗಳಲ್ಲಿ ಅವರದೂ ಇತ್ತು. ನಾನು ಎದ್ದು ಬಂದೆ.

ಆಮೇಲೆ ವರ್ಷಗಳು ಹೋದವು. ಕಬಕದ ಹತ್ತಿರ ಹತ್ತು ಸೆಂಟ್ಸ್ ಜಾಗ ಮಾಡಿ ಒಂದು ಮನೆ ಕಟ್ಟಿದೆ. ಸ್ವಂತ ಮಾಡಿನ ಕೆಳಗೆ ಮಲಗಿದ ಮೇಲೆ ನನಗೆ ಧೈರ್ಯ ಬಂತು. ಇಷ್ಟು ಹೇಳಿದರೆ ನಾನು ಎಂಥ ಮನುಷ್ಯ ಎಂದು ತಿಳಿಯುತ್ತದೆ. ಎಂಬತ್ತನಾಲ್ಕರ ಬೇಸಗೆ ರಜೆಯಲ್ಲಿ ಕೂತು, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು, ‘ಸುಳ್ಳು’ ಎಂಬ ಪದವನ್ನೂ ಬರೆದು, ಸಹಿ ಹಾಕಿದೆ. ಅಂಚೆಗೆ ಹಾಕುವ ವಸ್ತು ಅಲ್ಲ ಎಂದು ಸುಳ್ಯಕ್ಕೆ ಹೋಗಿ, ಅಲ್ಲಿಂದ ಮಡಿಕೇರಿ ಬಸ್ಸು ಹಿಡಿದು ಸಂಪಾಜೆಯಲ್ಲಿ ಇಳಿದೆ.

ಮಾಸ್ತರರು ಒಂದು ರಬ್ಬರ್ ತೋಟದಲ್ಲಿ ರೈಟರ್ ಆಗಿದ್ದರು. ಮರ ಕೆತ್ತಿ ಹಾಲು ಇಳಿಸುವ ಟ್ಯಾಪಿಂಗಿನವರ ಹಾಜರಿ ಹಾಕುವುದು, ಯಾರು ಎಷ್ಟು ಹಾಲು ತಂದರು ಎಂದು ಬರೆಯುವುದು ಅವರ ಕೆಲಸ. ತಗಡಿನ ಮಾಡಿನ ಒಂದು ಕೊಟ್ಟಿಗೆ, ಒಳಗೆ ರಬ್ಬರ್ ಹಾಲಿನ ಹುಳಿ ವಾಸನೆ. ಮೂವತ್ತಾರಕ್ಕೇ ತಲೆ ನೆರೆತಿತ್ತು. ನನ್ನನ್ನು ನೋಡಿ ಎದ್ದು ಬಂದು, ಊಟ ಆಗಿದೆಯಾ ಎಂದು ಮೊದಲು ಕೇಳಿದರು. ತನಗೆ ಮದುವೆ ಆದದ್ದನ್ನು, ಒಬ್ಬಳು ಮಗಳು ಇರುವುದನ್ನು ಹೇಳಿದರು. ರಸ್ತೆ ಬದಿಯ ಹೋಟೆಲಿಗೆ ಕರೆದುಕೊಂಡು ಹೋಗಿ ಚಹಾ ಹೇಳಿದರು. ಘಟ್ಟ ಇಳಿದು ಬಂದ ಲಾರಿಗಳು ಎದುರು ಸಾಲಾಗಿ ನಿಂತಿದ್ದವು.

ನಾನು ಪತ್ರ ತೆಗೆದು ಅವರ ಎದುರು ಇಟ್ಟೆ. ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಎರಡನೆಯ ಸಲವೂ ಓದಿದರು. ಅವರ ಮುಖದಲ್ಲಿ ಸಿಟ್ಟೋ ಸಮಾಧಾನವೋ ಏನಾದರೊಂದು ಕಾಣುತ್ತದೆ ಎಂದು ಕಾದೆ. ಏನೂ ಕಾಣಲಿಲ್ಲ. ಪತ್ರವನ್ನು ಮೊದಲಿದ್ದ ಮಡಿಕೆಯಲ್ಲೇ ಮಡಚಿ ನನ್ನ ಕಡೆಗೆ ಸರಿಸಿದರು.

“ಇದನ್ನು ಈಗ ಯಾರಿಗೆ ಕೊಡುದು ಹೇಳಿ. ಪ್ರಾಯ ಮುಗಿದು ಆರು ವರ್ಷ ಆಯ್ತು. ನಾನು ಎಂತವ ಅಂತ ನನ್ನ ಹೆಂಡತಿಗೆ ಗೊತ್ತುಂಟು. ಬೇರೆ ಯಾರಿಗೂ ಬೇಕಾಗಿಲ್ಲ.”

ನಾನು ಕ್ಷಮೆ ಕೇಳಿದೆ. ಅವರು ಕೈ ಅಡ್ಡ ಹಿಡಿದರು. ಚಹಾ ಕುಡಿದು ಮುಗಿಸಿ ಲೋಟ ಬದಿಗಿಟ್ಟರು. ಆಮೇಲೆ ಲಾರಿಗಳ ಕಡೆ ನೋಡುತ್ತ, ಬೇರೆ ಯಾರದೋ ವಿಷಯ ಹೇಳುವವರ ಹಾಗೆ ಹೇಳಿದರು.

“ನಾನು ನಿಜವಾಗಿ ಅದು ಆಗಿದ್ರೆ ಇಷ್ಟು ಬೇಜಾರು ಇರ್ತಿರ್ಲಿಲ್ಲ ಪಂಡಿತರೇ. ಕೆಲಸ ಯಾವುದೋ ಒಂದಕ್ಕೆ ಹೋಯ್ತು ಅಂತ ಆದ್ರೂ ಇರ್ತಿತ್ತು. ನಾನು ಎಂತದೂ ಆಗಿರ್ಲಿಲ್ಲ.”

ಸಂಜೆಯ ಲೆಕ್ಕ ಬರೆಯುವ ಹೊತ್ತಾಯಿತೆಂದು ಎದ್ದು, ಬಸ್ಸು ಎಷ್ಟು ಗಂಟೆಗೆ ಎಲ್ಲಿ ನಿಲ್ಲುತ್ತದೆ ಎಂದು ನನಗೆ ಎರಡೆರಡು ಸಲ ವಿವರಿಸಿ ಅವರು ಹೋದರು. ನಾನು ಆ ಹೋಟೆಲಿನ ಬೆಂಚಿನಲ್ಲಿ ಒಂದು ಬಸ್ಸು ತಪ್ಪಿಸಿಕೊಂಡು, ಎರಡನೆಯದನ್ನು ಹತ್ತಿದೆ. ಆ ಪತ್ರದಲ್ಲಿ ನಾನು ಒಂದೂವರೆ ಪುಟ ಬರೆದಿದ್ದೆ. ಅಷ್ಟು ಬೇಕಿರಲಿಲ್ಲ. ಅವರು ಕ್ರಾಂತಿಕಾರಿಯಲ್ಲ, ಶಾಲೆ ಬಿಟ್ಟ ಮೇಲೆ ಬಡವರ ಅರ್ಜಿ ತುಂಬಿಸಿ ಕೊಡುತ್ತಿದ್ದ ಒಬ್ಬ ಮಾಸ್ತರರು, ಎಂದರೆ ಸಾಕಿತ್ತು. ಇದನ್ನು ಬರೆಯಲಿಕ್ಕೆ ಒಂದು ನಿಮಿಷ ಬೇಡ. ನಾನು ಒಂಬತ್ತು ವರ್ಷ ತೆಗೆದುಕೊಂಡೆ.